ಅರಿಶಿನದ ಲೋಟ

ಹೋದ ವಾರ ನಾನು ಕೆಲಸ ಮಾಡೋ ತೋಟದ ಮನೆಯ ಪಂಪ್ ರೂಮಿನ ಹಳೇ ಫಿಲ್ಟರ್ ಟ್ಯಾಂಕು ಕಿತ್ತು ಹೊಸದು ಕೂರಿಸೋಕೆ ಮೈಸೂರಿನಿಂದ ಮೆಕ್ಯಾನಿಕ್ ಬಂದಿದ್ದ. ಟ್ಯಾಂಕನ್ನ ಪಕ್ಕಕ್ಕೆ ಸರಿಸಿದ್ದೇ ತಡ, ಗೋಡೆ ಸಂದಿಯಿಂದ ಏನೋ ಟಣ್ ಅಂತ ಬಿದ್ದು ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು. ಒಂದು ಸ್ಟೀಲ್ ಲೋಟ. ಮೇಲೆಲ್ಲ ಜೇಡರ ಬಲೆ, ಬೋರ್‌ವೆಲ್ ನೀರಿನ ಬಿಳೀ ಪದರ ಗಟ್ಟಿಯಾಗಿ ಕೂತಿತ್ತು. ಒಳಗೆ ತಳದಲ್ಲಿ ಮಾತ್ರ ಸುತ್ತಲೂ ಹಳದಿ ಕಲೆ... ಅರಿಶಿನದ್ದು. ಮೂಸಿ ನೋಡಿದೆ. ಇಷ್ಟು ವರ್ಷದ ಮೇಲೆ ವಾಸನೆ ಎಲ್ಲಿ ಉಳಿದಿರುತ್ತೆ, ಆ ರೂಮಿನಲ್ಲಿ ಎಲ್ಲದಕ್ಕೂ ಕ್ಲೋರಿನ್ ವಾಸನೆಯೇ. ಆದರೂ ನನಗೆ ಅರಿಶಿನದ ವಾಸನೆಯೇ ಹೊಡೆಯಿತು. ಎಸೆಯಲಾ ಅಂತ ಕೇಳಿದ ಮೆಕ್ಯಾನಿಕ್. ಬೇಡ, ಕೊಡಪ್ಪ ಇಲ್ಲಿ ಅಂತ ಇಸ್ಕೊಂಡು ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ.

ಅದು ನನ್ನ ಓರಗಿತ್ತಿಯ ಲೋಟ. ನನ್ನ ಮೈದುನನ ಹೆಂಡತಿ. ನಮ್ಮ ಮನೆಗೆ ನಾನು ಹಿರೀ ಸೊಸೆ, ಅವಳು ಕಿರಿಯವಳು. ಅವಳ ಹೆಸರು ನನ್ನ ಬಾಯಲ್ಲಿ ಯಾವತ್ತೂ ಬಂದಿದ್ದಿಲ್ಲ. ಇದ್ದಾಗಲೂ "ಇವಳೇ" ಅಂತಲೇ ಕರೆಯುತ್ತಿದ್ದೆ, ಈಗ ಹೇಳಿ ಏನಾಗಬೇಕು. ಸುಳ್ಳು ಯಾಕೆ ಹೇಳಲಿ, ಅವಳನ್ನ ಕಂಡರೆ ನನಗೆ ಹೊಟ್ಟೆಯುರಿ ಇತ್ತು. ಅವಳು ಹೊಸಿಲು ದಾಟಿ ಒಳಗೆ ಬಂದ ದಿನದಿಂದ ಇತ್ತು.

ಅವಳ ಮದುವೆಗೆ ಮುಯ್ಯಿ ಮಾಡೋಕೆ ಅಂತ ಕೋಟೆ ಪೇಟೆಯ ಪಾತ್ರೆ ಅಂಗಡಿಯಲ್ಲಿ ಅರ್ಧ ಡಜನ್ ಸ್ಟೀಲ್ ಲೋಟ ತಂದಿದ್ದೆ. ನನ್ನ ಗಂಡ ಎರಡೇ ಸಾಕು ಅಂದಿದ್ದರು. ಹಿರೀ ಸೊಸೆ ಕೊಟ್ಟಿದ್ದು ನಾಲ್ಕು ಜನಕ್ಕೆ ಕಾಣಬೇಕಲ್ಲ, ಆರು ತಂದು ಒಂದೊಂದರ ಮೇಲೂ ಹೆಸರು ಹೊಡೆಸಿದ್ದೆ. ಅವಳು ಆ ಲೋಟದಲ್ಲಿ ಒಂದು ದಿನ ಟೀ ಕುಡಿದಿದ್ದನ್ನ ನಾನು ಕಾಣೆ. ತವರಿಂದ ತಂದ ಗಾಜಿನ ಲೋಟವೇ ಅವಳಿಗೆ ಬೇಕು. ಎನ್. ಬೇಗೂರಿನ ಕಡೆಯವಳು, ಅಲ್ಲಿಂದ ಸ್ವಲ್ಪ ದೂರ ಹೋದರೆ ಕೇರಳವೇ ಸಿಗುತ್ತೆ. ಗಾಜಿನ ಲೋಟದಲ್ಲಿ ಕರೀ ಟೀ ಕುಡಿಯೋದು ಅವರ ರೂಢಿ ಅಂತ ನನ್ನ ಗಂಡ ಸಮಾಧಾನ ಹೇಳಿದರು. ನನಗೆ ಮಾತ್ರ ಅವಳು ನನ್ನ ಉಡುಗೊರೆಯನ್ನ ಬೇಕಂತಲೇ ಮೂಲೆಗೆ ಹಾಕಿದ್ದಾಳೆ ಅನ್ನಿಸಿತು. ಅನ್ನಿಸಿದ್ದು ಹೋಗಲೇ ಇಲ್ಲ.

ಹುಣಸೂರಿನಿಂದ ಕೋಟೆಗೆ ಹೋಗೋ ರಸ್ತೆಯಲ್ಲಿ ನಮ್ಮೂರ ಪಕ್ಕದಲ್ಲೇ ಮೈಸೂರಿನವರು ಒಂದು ತೋಟದ ಮನೆ ಕಟ್ಟಿಸಿದರು. ಗೋಡೆಗೆ ನೀರು ಹಾಯಿಸೋ ದಿನದಿಂದ ನಾನು ಅಲ್ಲಿ ಕೆಲಸಕ್ಕೆ ಇದ್ದೆ. ಮನೆ ಎದ್ದ ಮೇಲೆ ಹಿತ್ತಲಲ್ಲಿ ಸ್ವಿಮ್ಮಿಂಗ್ ಪೂಲ್ ಮಾಡಿಸಿದರು. ನಮ್ಮ ಬಾಯಲ್ಲಿ ಅದು ಕೊಳ. ನೀಲಿ ಟೈಲ್ಸು, ಒಂದು ಕಡೆ ಇಳಿಯೋಕೆ ಬಿಳೀ ಮೆಟ್ಟಿಲು. ಕೆಲಸಕ್ಕೆ ಇನ್ನೊಬ್ಬರು ಬೇಕು ಅಂತ ಆ ಮನೆ ಅಮ್ಮಾವ್ರು ಕೇಳಿದಾಗ ಇವಳನ್ನ ಕರೆದುಕೊಂಡು ಹೋಗಿ ಬಿಟ್ಟವಳು ನಾನೇ. ನನ್ನ ಕೈಯಾರೆ ಮಾಡಿದ್ದು ಅದು, ಯಾರನ್ನ ಅನ್ನಲಿ.

ಕೊಳದ ಕೆಲಸ ಹೇಳಿಕೊಡೋಕೆ ಮೆಕ್ಯಾನಿಕ್ ಬಂದ ದಿನ ಇಬ್ಬರನ್ನೂ ಪಕ್ಕ ಪಕ್ಕ ನಿಲ್ಲಿಸಿಕೊಂಡ. ಬೆಳಿಗ್ಗೆ ಎದ್ದು ಬಲೆಯಲ್ಲಿ ಎಲೆ ಎತ್ತಬೇಕು, ಗೋಡೆಗೆ ಬ್ರಷ್ ಹಾಕಬೇಕು, ಫಿಲ್ಟರಿನ ಮರಳಿಗೆ ಹಿಂದುಮುಂದಾಗಿ ನೀರು ಬಿಟ್ಟು ಕೊಳೆ ಹೊರಗೆ ಕಳಿಸಬೇಕು, ಕ್ಲೋರಿನ್ ಪೌಡರನ್ನ ಬಿಸಿಲು ಇಳಿದ ಮೇಲೇ ಹಾಕಬೇಕು, ನೀರು ಹುಳಿಯಾದರೆ ಸೋಡಾ, ಸುಣ್ಣದ ಗುಣ ಹೆಚ್ಚಾದರೆ ಆ್ಯಸಿಡ್. ಆಮೇಲೆ ಒಂದು ಪುಟ್ಟ ಡಬ್ಬಿ ತೆಗೆದು ನೀರಿಗೆ ಔಷಧಿ ಬಿಟ್ಟು, ಬಂದ ಬಣ್ಣ ಈ ಪಟ್ಟಿಯಲ್ಲಿ ಯಾವುದಕ್ಕೆ ಹೊಂದುತ್ತೆ ಹೇಳಿ ಅಂದ. ನನಗೆ ಎಲ್ಲವೂ ಒಂದೇ ತರ ಕಂಡವು. ಅವಳು ಒಂದು ಸಲ ನೋಡಿ ಬೆರಳಿಟ್ಟಳು. ಸರಿಯಾಗಿತ್ತು. ಇನ್ನೊಂದು ಸಲವೂ ಸರಿಯಾಗಿತ್ತು. ಅವತ್ತು ಸಾಯಂಕಾಲ ಅಮ್ಮಾವ್ರು ಪಂಪ್ ರೂಮಿನ ಬೀಗದ ಕೈ ಅವಳ ಕೈಗೆ ಕೊಟ್ಟರು.

ನಮ್ಮ ಮನೆಯಲ್ಲಿ ರಾಗಿ ತುಂಬಿಡೋ ಕೋಣೆ ಬೀಗದ ಕೈ ನನ್ನ ಸೊಂಟದಲ್ಲಿ ಇರುತ್ತಿತ್ತು. ಅತ್ತೆ ಹೋದ ಮೇಲೆ ಅದು ನನ್ನದೇ. ಇಲ್ಲಿ ಮಾತ್ರ ಕಿರಿಯವಳ ಸೊಂಟದಲ್ಲಿ ಬೀಗದ ಕೈ ಸದ್ದು ಮಾಡಿಕೊಂಡು ಓಡಾಡೋದು, ನಾನು ಪೊರಕೆ ಹಿಡಿದು ನೋಡೋದು. ಅಮ್ಮಾವ್ರು ಮೈಸೂರಿನಿಂದ ಫೋನ್ ಮಾಡಿದರೂ ಮೊದಲು ಅವಳನ್ನೇ ಕೇಳುತ್ತಿದ್ದರು. ಅವಳು ಫೋನು ಕಿವಿಗಿಟ್ಟುಕೊಂಡು ನೀರಿನ ಯೋಗಕ್ಷೇಮ ಹೇಳೋವಾಗ ನನಗೆ ಮೈ ಪರಚಿಕೊಳ್ಳೋ ಹಾಗಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಒಂದು ಬೀಗದ ಕೈಗೆ ಇಷ್ಟಾ ಅಂತ ನೀವು ಕೇಳಬಹುದು. ಹೌದು, ಇಷ್ಟೇ. ನನಗೆ ಅದು ಬೇಕಾಗಿತ್ತು.

ಕೆಲಸದಲ್ಲಿ ಅವಳನ್ನ ಮೀರಿಸೋರು ಇರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಹೊಗೆಸೊಪ್ಪು ಬೇಯಿಸೋ ಕಾಲದಲ್ಲಿ ಸುತ್ತಲ ಬ್ಯಾರನ್ನು ಮನೆಗಳ ಒಲೆಯಿಂದ ಬೂದಿ ಹಾರಿ ಬಂದು ನೀರ ಮೇಲೆ ಕೂರುತ್ತೆ. ಬಲೆಗೆ ಸಿಗುವಂಥದ್ದಲ್ಲ ಅದು. ಅವಳು ತನ್ನದೊಂದು ಹಳೇ ವಾಯಿಲ್ ಸೀರೆ ಹರಿದು ಬಲೆಗೆ ಹೊಲಿದು, ನೀರು ಅಲುಗದ ಹಾಗೆ ಎಳೆದು ಬೂದಿಯನ್ನೆಲ್ಲ ಎತ್ತಿಬಿಡುತ್ತಿದ್ದಳು. ತಳದಲ್ಲಿ ಏನಾದರೂ ಬಿದ್ದಿದ್ದರೆ ನೈಟಿ ಮೇಲೆ ಒಂದು ಟೀ ಶರ್ಟು ತೊಟ್ಟು ದಬಕ್ಕಂತ ಮುಳುಗಿ ತಂದುಬಿಡುತ್ತಿದ್ದಳು. ನಾನು ಹೊಸ ಅಗ್ರಹಾರದವಳು, ಗದ್ದೆ ಸೀಮೆ, ನಮ್ಮನೆ ಮುಂದೆಯೇ ಕಾಲುವೆ. ಆದರೂ ನನಗೆ ಮೊಣಕಾಲಿನ ಮಟ್ಟಕ್ಕಿಂತ ನೀರು ಬಂದರೆ ಎದೆ ಹಾರುತ್ತೆ. ಕಾಡಂಚಿನಿಂದ ಬಂದವಳು ಈಜುತ್ತಾಳೆ, ಕಾಲುವೆ ಬದಿಯವಳು ದಡದಲ್ಲಿ ಟವೆಲ್ ಹಿಡಿದು ನಿಲ್ಲುತ್ತಾಳೆ.

ಒಂದು ಸಲ ಬಂದಿದ್ದ ನೆಂಟರಿಗೆಲ್ಲ ಕಣ್ಣುರಿ ಬಂತು, ನೀರು ಘಾಟು ಹೊಡೆಯುತ್ತಿತ್ತು. ಪೌಡರ್ ಜಾಸ್ತಿ ಸುರಿದಿದ್ದಾಳೆ ಅಂತ ನಾನು ಅಮ್ಮಾವ್ರಿಗೆ ಹೇಳಿದೆ. ಅವಳು ಮೆಲ್ಲಗೆ, ಇಲ್ಲಮ್ಮ, ಜನ ಜಾಸ್ತಿ ಇಳಿದು ಪೌಡರ್ ಸಾಲದೆ ಹಿಂಗಾಗಿದೆ, ಇನ್ನಷ್ಟು ಹಾಕಬೇಕು ಅಂದಳು. ನಾನು ಕಿಸಕ್ಕಂತ ನಕ್ಕೆ. ಅಮ್ಮಾವ್ರು ಮೆಕ್ಯಾನಿಕ್‌ಗೆ ಫೋನ್ ಹಚ್ಚಿದರು. ಅವನೂ ಅವಳು ಹೇಳಿದ್ದೇ ಸರಿ ಅಂದ. ಆ ನಗು ನನ್ನ ಮುಖದ ಮೇಲೆ ಹಾಗೇ ಒಣಗಿಹೋಯಿತು.

ಆಮೇಲೆ ಬಂತು ಈ ಲೋಟ. ಪರೀಕ್ಷೆ ಡಬ್ಬಿಯ ಔಷಧಿ ಮುಗಿದುಹೋಗಿತ್ತು, ಮೈಸೂರಿನವರಿಗೆ ತರೋದು ಮರೆತು ಹೋಗುತ್ತಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, ಅವಳು ಪಂಪ್ ರೂಮಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಲೋಟದ ತುಂಬ ಕೊಳದ ನೀರು ತುಂಬಿಕೊಂಡು, ಅದಕ್ಕೆ ಒಂದು ಚಿಟಿಕೆ ಅರಿಶಿನ ಉದುರಿಸಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಳೆ. ಅಂಗಡಿ ಪುಡಿಯಲ್ಲ, ಮನೆಯಲ್ಲಿ ಕೊಂಬು ಕುಟ್ಟಿ ಜರಡಿ ಹಿಡಿದದ್ದು. ಏನೇ ಇದು ಮಾಟ ಮಂತ್ರ ಅಂದೆ.

"ಆರತಿ ನೀರಿಗೆ ಸುಣ್ಣ ಆಕುದ್ರೆ ಅರಿಸ್ನ ಕೆಂಪಾಯ್ತದಲ್ಲಕ್ಕ, ಇದೂ ಅಂಗೇ," ಅಂದಳು. "ನೀರು ಸರಿಯಾಗಿದ್ರೆ ಅಳದಿ. ಸುಣ್ಣದ ಗುಣ ಜಾಸ್ತಿ ಆದ್ರೆ ಕೆಂಪು ತಿರುಗ್ತದೆ."

ಹಸೆ ಮುಂದೆ, ಬಾಣಂತಿ ಮುಂದೆ ಜೀವನದಲ್ಲಿ ಎಷ್ಟು ಸಲ ನಾನೇ ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ಆರತಿ ಎತ್ತಿ ದೃಷ್ಟಿ ತೆಗೆದಿಲ್ಲ. ಆದರೂ ನನ್ನ ತಲೆಗೆ ಇದು ಹೊಳೆಯಲಿಲ್ಲ, ಅವಳ ತಲೆಗೆ ಹೊಳೆಯಿತು. ಅದಕ್ಕೇ ನಾನು ಅದನ್ನ ಆಟ ಅಂತಲೇ ತಳ್ಳಿಹಾಕಿದೆ, ಇನ್ನೊಂದು ದಿನ ಹತ್ತಿರ ಹೋಗಿ ನೋಡಲಿಲ್ಲ. ನೋಡಿದ್ದು ಲೋಟವನ್ನ ಮಾತ್ರ. ಅಡುಗೆಮನೆ ಲೋಟ ತಗೊಂಡು ಹೋಗಿ ಕ್ಲೋರಿನ್ ಮಧ್ಯೆ ಇಟ್ಟುಕೊಂಡಿದ್ದಾಳೆ, ನಾಳೆ ಅದರಲ್ಲಿ ಯಾರಾದರೂ ಕುಡಿದರೆ ಏನು ಗತಿ ಅಂತ ಅಮ್ಮಾವ್ರ ಕಿವಿಗೆ ಹಾಕಿದೆ. ಅಮ್ಮಾವ್ರು ಅವಳನ್ನ ಕೇಳಿದರು. ಇದು ಇಲ್ಲೀದಲ್ಲಮ್ಮ, ನಂದು ಅಂದಳು, ಅಷ್ಟೇ. ನಾನು ನಂಬಲಿಲ್ಲ. ನನ್ನ ಮುಖ ನೋಡಿ ಇನ್ನೇನೋ ಹೇಳೋಕೆ ಬಾಯಿ ತೆರೆದವಳು ಸೆರಗಲ್ಲಿ ಲೋಟ ಒರೆಸಿಕೊಂಡು ಪಂಪ್ ರೂಮಿಗೆ ಹೋದಳು.

ಆ ವರ್ಷ ಅಮ್ಮಾವ್ರ ಮಗಳು ಬಾಣಂತನಕ್ಕೆ ಬಂದಿದ್ದಳು. ಹೆರಿಗೆಯಾಗಿ ಸೂತಕ ಕಳೆದ ಮೇಲೆ ಬಾಣಂತಿ ಕೈಲಿ ಗಂಗೆ ಪೂಜೆ ಮಾಡಿಸಬೇಕಲ್ಲ. ಆ ಮನೆಯಲ್ಲಿ ಬಾವಿ ಇಲ್ಲ. ನಲ್ಲಿಗೆ ಪೂಜೆ ಮಾಡೋಕೆ ಅಮ್ಮಾವ್ರಿಗೆ ಮನಸ್ಸಿಲ್ಲ. ಹಿತ್ತಲಲ್ಲಿ ಇಷ್ಟೊಂದು ನೀರು ನಿಂತಿದೆ, ಇದೂ ಗಂಗೆಯೇ ಅಲ್ಲವಾ ಅಂತ ಕೊಳದ ಮೆಟ್ಟಿಲ ಹತ್ತಿರವೇ ಇಟ್ಟುಕೊಂಡರು. ಓರಗಿತ್ತಿ ಒಂದು ಮಾತು ಹೇಳಿದಳು, ನೀರಿಗೆ ಹಾಲು ಅರಿಶಿನ ಬೀಳೋದು ಬೇಡ, ಪಾಚಿ ಕಟ್ಟುತ್ತೆ, ಕೊಳದ ನೀರನ್ನ ಬಿಂದಿಗೆಗೆ ತುಂಬಿ ಅದಕ್ಕೆ ಪೂಜೆ ಮಾಡೋಣ ಅಂತ. ಅಮ್ಮಾವ್ರು ತಕ್ಷಣ ಒಪ್ಪಿದರು. ಅವಳು ಹೇಳಿದರೆ ಆಯಿತು ಅನ್ನೋ ಹಾಗೆ ಒಪ್ಪಿದ್ದು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಗಂಗಮ್ಮನ ಪೂಜೆ ಹೇಗೆ ಅಂತ ಹೇಳೋಕೆ ಹಿರಿಯವಳು ನಾನಿರಲಿಲ್ಲವಾ.

ಪೂಜೆ ದಿನ ಹೊತ್ತು ಹುಟ್ಟೋ ಮುಂಚೆಯೇ ಹೋದೆ. ಅವಳು ನಡುಮನೆಯಲ್ಲಿ ಹೂವು ಕಟ್ಟುತ್ತಾ ಕೂತಿದ್ದಳು. ಹಿಂದಿನ ದಿನ ಬಂದ ಸೋಡಾ ಪುಡಿಯ ಮೂಟೆ ಇನ್ನೂ ಹಿತ್ತಲ ಜಗಲಿಯಲ್ಲೇ ಇತ್ತು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಸೋಡಾ ಹೆಚ್ಚಾದರೆ ನೀರು ಮಜ್ಜಿಗೆಯ ಹಾಗೆ ಮಬ್ಬಾಗುತ್ತೆ ಅಂತ ಮೆಕ್ಯಾನಿಕ್ ಹೇಳಿದ್ದು ನನಗೆ ನೆನಪಿತ್ತು. ಅಷ್ಟೇ ನನಗೆ ಬೇಕಾಗಿದ್ದದ್ದು. ನೆಂಟರ ಮುಂದೆ ನೀರು ಮಬ್ಬಾಗಲಿ, ಅಮ್ಮಾವ್ರು ಅವಳಿಗೆ ಒಂದು ಮಾತು ಅನ್ನಲಿ, ಬೀಗದ ಕೈ ಈ ಕಡೆ ಬರಲಿ. ಬರಿಗೈಯಲ್ಲೇ ನಾಲ್ಕೈದು ಬೊಗಸೆ ತೋಡಿ ಮೆಟ್ಟಿಲ ಹತ್ತಿರ ನೀರಿಗೆ ಸುರಿದೆ. ಕೈ ಸೀರೆಗೆ ಒರೆಸಿಕೊಂಡು ಒಳಗೆ ಹೋಗಿ ತೆಂಗಿನಕಾಯಿ ಸುಲಿಯೋಕೆ ಕೂತೆ.

ಪೂಜೆ ಹೊತ್ತಿಗೆ ಮೆಟ್ಟಿಲ ಹತ್ತಿರ ನೀರು ಬೆಳ್ಳಗೆ ಮಬ್ಬಾಗಿತ್ತು. ಓರಗಿತ್ತಿ ಬಗ್ಗಿ ನೋಡಿದಳು, ಹುಬ್ಬು ಗಂಟಿಕ್ಕಿದಳು. ಅಷ್ಟರಲ್ಲಿ ಬಾಣಂತಿ ಬಂದು ಕೂತಾಗಿತ್ತು, ಬಿಂದಿಗೆ ಇಟ್ಟಾಗಿತ್ತು. ಅಮ್ಮಾವ್ರು ನನ್ನನ್ನ ಕರೆದು, ನೀನು ದೊಡ್ಡವಳು, ಮುತ್ತೈದೆ, ಅರಿಶಿನ ಕುಂಕುಮ ನೀನೇ ಇಡು ಅಂದರು. ಅವತ್ತು ಮೊದಲ ಸಲ ಆ ಕೊಳದ ದಡದಲ್ಲಿ ನನ್ನನ್ನ ಮುಂದೆ ಮಾಡಿದ್ದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಿಂದಿಗೆಗೆ ವೀಳ್ಯದೆಲೆಯಲ್ಲಿ ಅದ್ದಿ ಹಚ್ಚಿದ ಮೇಲೂ ಬಟ್ಟಲಲ್ಲಿ ಕಲಸಿದ ಅರಿಶಿನ ಉಳಿದಿತ್ತು. ಗಂಗಮ್ಮನಿಗೆ ಅರಿಶಿನ ಬೇಡ ಅನ್ನೋಕೆ ಇವಳು ಯಾರು ಅನ್ನೋ ಹಟಕ್ಕೆ, ಅದನ್ನ ಹಾಗೇ ಎರಡೂ ಅಂಗೈಲಿ ಬಳಿದು ನೀರೊಳಗಿನ ಮೊದಲ ಮೆಟ್ಟಿಲಿಗೆ ಸವರಿದೆ.

ಕಣ್ಣೆದುರೇ ಅದು ಕೆಂಪಾಯಿತು. ಬಿಳೀ ಮೆಟ್ಟಿಲ ಮೇಲೆ ಒಂದು ಮೊರದಗಲ, ಹಳದಿ ಹೋಗಿ ರಕ್ತದ ಬಣ್ಣ ತಿರುಗಿ ನೀರಲ್ಲಿ ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಬಾಣಂತಿ ಕಿಟಾರನೆ ಕಿರುಚಿ ಮಗುವನ್ನ ಎದೆಗವಚಿಕೊಂಡಳು. ಹಸೀ ಬಾಣಂತಿ ಗಂಗೆ ಪೂಜೆಗೆ ಕೂತಾಗ ನೀರು ಕೆಂಪಾಗೋದು ಅಂದರೆ... ಯಾರೂ ಬಾಯಿ ಬಿಟ್ಟು ಅಪಶಕುನ ಅನ್ನಲಿಲ್ಲ, ಎಲ್ಲರ ಮುಖದಲ್ಲೂ ಅದೇ ಇತ್ತು. ಅಮ್ಮಾವ್ರು ನಮ್ಮಿಬ್ಬರ ಕಡೆ ತಿರುಗಿದರು.

"ಬೆಳಿಗ್ಗೆ ಇದಕ್ಕೆ ಏನು ಹಾಕಿದ್ರಿ? ಯಾರು ಹಾಕಿದ್ದು?"

ನಾನು ಕೈ ನೋಡಿಕೊಂಡೆ. ಬೆಳಿಗ್ಗೆ ಸೋಡಾ ತೋಡಿದ ಕೈಯನ್ನ ತೊಳೆದೇ ಇರಲಿಲ್ಲ. ಅಂಗೈ ಎರಡೂ ಕೆಂಪಗಿದ್ದವು, ಬೆರಳ ಸಂದಿ, ಉಗುರಿನ ಸುತ್ತ ಎಲ್ಲ. ಮುಷ್ಟಿ ಕಟ್ಟಿ ಸೆರಗಿನೊಳಗೆ ಇಟ್ಟುಕೊಂಡೆ. ತಲೆ ಎತ್ತಿದರೆ ಓರಗಿತ್ತಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ಇನ್ನೇನು ಹೇಳಬೇಕು, ದಿನಾ ಬೆಳಗೆದ್ದು ಲೋಟದಲ್ಲಿ ಅದನ್ನೇ ನೋಡುತ್ತಿದ್ದವಳು.

"ನಾನೇ ಕಣಮ್ಮ," ಅಂದಳು. "ಸೋಡಾ ವಸಿ ಜಾಸ್ತಿ ಬಿದ್ದೋಯ್ತು. ಅಪಶಕುನ ಏನಲ್ಲ, ಅರಿಸ್ನಕ್ಕೆ ಸೋಡಾ ತಾಕುದ್ರೆ ಅಂಗೇ ಆಯ್ತದೆ. ಆರತಿ ನೀರು ಅನ್ಕಳಿ, ಮಗಿನ ದೃಷ್ಟಿ ಓಯ್ತು ಅನ್ಕಳಿ."

ಅಷ್ಟು ಹೇಳಿ ಬಾಣಂತಿಯ ಹೆದರಿಕೆಯನ್ನೂ ಇಳಿಸಿದಳು. ಅಮ್ಮಾವ್ರ ಸಿಟ್ಟು ಮಾತ್ರ ಇಳಿಯಲಿಲ್ಲ. ಅಲ್ಲೇ, ಎಲ್ಲರ ಮುಂದೆ, ಬೀಗದ ಕೈ ಇಸ್ಕೊಂಡರು. ಇಸ್ಕೊಂಡು ನನ್ನ ಮುಂದೆ ಹಿಡಿದರು. ನಾನು ಕೈ ಚಾಚೋ ಹಾಗಿರಲಿಲ್ಲ, ಸೆರಗೊಡ್ಡಿ ಹಾಕಿಸಿಕೊಂಡೆ. ಭಕ್ತಿಯಿಂದ ಹಾಗೆ ಮಾಡಿದಳು ಅಂತ ಅವರು ತಿಳಿದಿರಬೇಕು.

ಹಿತ್ತಲ ಒಗೆಯೋ ಕಲ್ಲಿನ ಹತ್ತಿರ ಹೋಗಿ ಸೋಪು ಹಾಕಿ ಉಜ್ಜಿದೆ. ಉಜ್ಜಿದಷ್ಟೂ ಕೆಂಪಾಯಿತು. ಅರ್ಧ ಸೋಪು ಸವೆಯಿತು, ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ಯಾವಾಗ ಬಂದಳೋ, ನನ್ನ ಪಕ್ಕ ಕಲ್ಲಿನ ಮೇಲೆ ಒಂದು ಉಂಡೆ ಇಟ್ಟಳು.

"ಸೋಪಲ್ಲಿ ತೊಳುದ್ರೆ ಇನ್ನೂ ಕೆಂಪಾಯ್ತದೆ ಕಣಕ್ಕ. ಉಣ್ಸೆಹಣ್ಣಾಕಿ ತೊಳ್ಕೊ, ಓಯ್ತದೆ."

ಹೋಯಿತು. ಕೆಂಪು ಹೋಗಿ ಹಳದಿಯಾಯಿತು, ಹಳದಿಯೂ ಎರಡು ದಿನಕ್ಕೆ ಹೋಯಿತು. ಅವಳು ಆ ವಿಷಯ ಮತ್ತೆ ಎತ್ತಲಿಲ್ಲ. ಗಂಡನಿಗೂ ಹೇಳಲಿಲ್ಲ, ಹೇಳಿದ್ದರೆ ನನ್ನ ಮೈದುನ ಸುಮ್ಮನೆ ಬಿಡೋ ಪೈಕಿಯಲ್ಲ. ಬಯ್ದಿದ್ದರೆ, ಜಡೆ ಹಿಡಿದು ಎಳೆದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರ ಆಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ. ಕೆಲವೇ ದಿನದಲ್ಲಿ ಅವರಿಬ್ಬರೂ ಅವಳ ತವರಿನ ಕಡೆ ಹೊರಟುಹೋದರು. ಆ ಕಡೆ ಒಂದು ಹೋಮ್‌ಸ್ಟೇನಲ್ಲಿ ಅವಳಿಗೆ ಕೊಳದ ಕೆಲಸವೇ ಸಿಕ್ಕಿತಂತೆ. ಅವಳು ಹೋದ ದಿನ ಪಂಪ್ ರೂಮಿಗೆ ಹೋಗಿ ಆ ಲೋಟವನ್ನ ಎಸೆದುಬಿಡೋಣ ಅಂತ ಹುಡುಕಿದೆ. ಸಿಗಲಿಲ್ಲ. ನೋಡು, ಲೋಟನೂ ಹೊತ್ತುಕೊಂಡು ಹೋಗಿದ್ದಾಳೆ ಅಂತ ಅದಕ್ಕೂ ಬಯ್ದುಕೊಂಡೆ.

ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಬಂದ ವಾರವೇ ನೀರು ಹಸಿರಾಯಿತು. ನಿಧಾನಕ್ಕೆ ಕಲಿತೆ. ಬಲೆಗೆ ವಾಯಿಲ್ ಸೀರೆ ಹೊಲಿದೆ. ಕಣ್ಣುರಿ ಬಂದರೆ ಪೌಡರ್ ಹೆಚ್ಚು ಮಾಡಿದೆ. ಅಡುಗೆಮನೆಯಿಂದ ಒಂದು ಲೋಟ ತಂದು ಅರಿಶಿನ ಹಾಕಿ ನೋಡೋದನ್ನೂ ರೂಢಿ ಮಾಡಿಕೊಂಡೆ. ಈಗ ಪರೀಕ್ಷೆ ಡಬ್ಬಿ ಬೇಕಾದಷ್ಟಿದೆ, ಆದರೂ ಬಂದ ನೆಂಟರು ಅರಿಶಿನದ್ದು ತೋರಿಸಿ ಅಂತ ಮೊಬೈಲ್ ಹಿಡಿದು ನಿಲ್ಲುತ್ತಾರೆ. ಯಾರು ಹೇಳಿಕೊಟ್ಟರು ಅಂತ ಕೇಳುತ್ತಾರೆ. ಯಾರೂ ಇಲ್ಲ, ನಾನೇ ಕಂಡುಕೊಂಡಿದ್ದು ಅನ್ನುತ್ತೇನೆ. ಅವಳದ್ದನ್ನ ಎಲ್ಲ ತಗೊಂಡೆ, ಹೊಟ್ಟೆಯುರಿ ಮಾತ್ರ ತಣ್ಣಗಾಗಲಿಲ್ಲ.

ಒಂದು ಸಲ ಹಬ್ಬಕ್ಕೆ ಬಂದಿದ್ದಳು. ಹಿಂದಿರುಗೋವಾಗ ಬಸ್ ಹತ್ತಿಸೋಕೆ ಹೋದವಳು, ಇವತ್ತು ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಬಾಯಲ್ಲಿ ಇಟ್ಟುಕೊಂಡೇ ನಡೆದೆ. ತಪ್ಪಾಯಿತು ಅನ್ನೋ ಒಂದೇ ಮಾತು. ಅವಳು ಕಿಟಕಿ ಪಕ್ಕ ಕೂತು ಕೊಳದ ನೀರು ಹೇಗಿದೆ ಅಕ್ಕ ಅಂತ ಕೇಳಿದಳು. ನೀನಿಲ್ಲದೇನೂ ಚೆನ್ನಾಗೇ ಇದೆ ಅಂದುಬಿಟ್ಟೆ. ಹಾಳಾದ ಬಾಯಿ... ಅವಳು ನಕ್ಕಳು. ಬಸ್ಸು ಹೋಯಿತು. ಹೋದ ಮಳೆಗಾಲದಲ್ಲಿ ಡೆಂಗ್ಯೂ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡಳು. ನಾನು ಎನ್. ಬೇಗೂರು ಮುಟ್ಟೋ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು, ಮುಖ ನೋಡೋಕೂ ಸಿಗಲಿಲ್ಲ. ತಿಥಿ ದಿನ ಅವಳು ಕೆಲಸಕ್ಕಿದ್ದ ಮನೆಯವರೂ ಬಂದು ಅತ್ತರು. ಸುಳ್ಳು ಹೇಳಲ್ಲ, ಅಷ್ಟು ಜನ ಅತ್ತಿದ್ದು ನೋಡಿ ಅಲ್ಲೂ ನನಗೆ ಕರುಳು ಚುರುಕ್ ಅಂದಿದ್ದು ದುಃಖಕ್ಕೆ ಮಾತ್ರ ಅಲ್ಲ.

ಇವತ್ತು ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹೋದ ವಾರದಿಂದ ಮೂಲೆಯಲ್ಲಿಟ್ಟಿದ್ದ ಆ ಲೋಟ ತಗೊಂಡು ಅದೇ ಒಗೆಯೋ ಕಲ್ಲಿನ ಹತ್ತಿರ ಕೂತೆ. ಬಿಳೀ ಪದರ ಸೋಪಿಗೆ ಬಗ್ಗಲಿಲ್ಲ. ಹುಣಸೆಹಣ್ಣು ನೆನೆಹಾಕಿ ತಂದು ಉಜ್ಜಿದೆ. ಪದರ ಮೆತ್ತಗೆ ಬಿಟ್ಟುಕೊಂಡಿತು. ಅಂಚಿನ ಕೆಳಗೆ ಬೆರಳಿಗೆ ಏನೋ ತರಿತರಿಯಾಗಿ ಹತ್ತಿತು. ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ. ಬಿಸಿಲಿಗೆ ಹಿಡಿದು ಒಂದೊಂದೇ ಓದಿದೆ. ಮೊದಲು ನನ್ನ ಗಂಡನ ಹೆಸರು. ಪಕ್ಕದಲ್ಲಿ ನನ್ನದು.

ಅಡುಗೆಮನೆ ಲೋಟ ಕದ್ದಿದ್ದಾಳೆ ಅಂತ ನಾನು ಚಾಡಿ ಹೇಳಿದ ಲೋಟ ಅದು. ನಂದು ಅಂದಿದ್ದಳಲ್ಲ, ಹೌದು, ಅವಳದ್ದೇ, ನಾನೇ ಕೊಟ್ಟಿದ್ದು. ಟೀ ಕುಡಿದು ಸವೆಸದೆ ತಾನು ಪ್ರಾಣದ ಹಾಗೆ ನೋಡಿಕೊಳ್ಳುತ್ತಿದ್ದ ಕೆಲಸಕ್ಕೆ ಇಟ್ಟುಕೊಂಡಿದ್ದಳು. ಕೊಳದ ಹತ್ತಿರ ಹೋಗಿ ಲೋಟದ ತುಂಬ ನೀರು ತುಂಬಿದೆ. ಒಂದು ಚಿಟಿಕೆ ಅರಿಶಿನ ಉದುರಿಸಿದೆ. ಹಳದಿಯಾಗೇ ನಿಂತಿತು. ನೀರು ಚೆನ್ನಾಗಿದೆ.

ಅಷ್ಟು ದಿನವೂ ಬೆಳಗೆದ್ದು ಅವಳು ಮೊದಲು ಕೈಯಲ್ಲಿ ಹಿಡಿಯುತ್ತಿದ್ದದ್ದು ನನ್ನ ಹೆಸರು. ನಾನು ಅವಳ ಹೆಸರು ಹಿಡಿದು ಒಂದು ದಿನ ಕರೆದವಳಲ್ಲ. ದಡದಲ್ಲಿ ಕೂತು ಈಗ ಕರೆದೆ. ಓ ಅನ್ನೋಕೆ ಯಾರೂ ಇರಲಿಲ್ಲ.